ಪಂಡೋರಾಳ ಗುಡಾಣ

ನಮಸ್ಕಾರ,

ಗ್ರೀಕ್ ಪುರಾಣದ ಮೊದಲ ಹೆಣ್ಣು ಪಂಡೋರಾಳ ಹೆಸರಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಮೂರನೇ ಪ್ಯಾರಾದ ಒಂದು ಸಾಲು ನಿನ್ನೆ ರಾತ್ರಿಯಿಂದ ನನ್ನನ್ನು ಕೊರೆಯುತ್ತಿದೆ.

‘ಕುತೂಹಲ ತಡೆಯಲಾರದೆ ಪಂಡೋರಾ ಪುಟ್ಟ ಪೆಟ್ಟಿಗೆಯ ಬೀಗ ತೆಗೆದಳು.’

ಈ ಪೆಟ್ಟಿಗೆ ಎಲ್ಲಿಂದ ಬಂತು? ಕಥೆ ಹೇಳಿದ ಹಳೆಯ ಕವಿ ಹೆಸಿಯಡ್, ಕ್ರಿ.ಪೂ. 700ರ ಸುಮಾರಿನವನು. ಅವನ ಪದ ಪಿಥೋಸ್. ಕಾಳು, ಎಣ್ಣೆ, ವೈನ್ ತುಂಬಿಡುವ ಮಣ್ಣಿನ ಗುಡಾಣ ಅದು. ಕೆಲವು ಆಳೆತ್ತರ ಇರುತ್ತಿದ್ದವು. 16ನೇ ಶತಮಾನದಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಲ್ಯಾಟಿನ್‌ನಲ್ಲಿ ಬರೆಯುವಾಗ ಅದನ್ನು ಪಿಕ್ಸಿಸ್, ಅಂದರೆ ಡಬ್ಬಿ ಮಾಡಿಬಿಟ್ಟ. ಬೀಗವೂ ಹೆಸಿಯಡ್‌ನಲ್ಲಿಲ್ಲ. ಅವಳು ಕೈಯಾರೆ ದೊಡ್ಡ ಮುಚ್ಚಳ ತೆಗೆಯುತ್ತಾಳೆ, ಅಷ್ಟೇ. ಕುತೂಹಲದ ಮಾತಂತೂ ಇಲ್ಲವೇ ಇಲ್ಲ.

ಗುಡಾಣ ಅಂದರೆ ವರ್ಷದ ಊಟ ಇರುವ ಜಾಗ ಅಲ್ವಾ? ಅಲ್ಲಿಂದ ರೋಗ, ಕಷ್ಟ ಹೊರಬಿದ್ದವು. ಭರವಸೆಯೊಂದು ಬಾಯಂಚಿನ ಕೆಳಗೇ ಉಳಿಯಿತು. ಪೆಟ್ಟಿಗೆ ಅಂದ ಕೂಡಲೇ ಇದೆಲ್ಲ ಹೋಗಿಬಿಡುತ್ತದೆ.

ನಾನು ಕೆಲಸ ಕಲಿಯುವಾಗ ಒಂದು ಊರಿನ ಹೆಸರಿನ ಮೇಲೆ ಬರೆದಿದ್ದೆ. ಹಿರಿಯರೊಬ್ಬರು ಕೆಂಪು ಪೆನ್ನಿನಲ್ಲಿ ಹದಿನಾಲ್ಕು ಕಡೆ ‘ಯಾರು ಹೇಳಿದ್ದು?’ ಅಂತ ಬರೆದು ವಾಪಸ್ ಕೊಟ್ಟರು. ತುಂಬಾ ಸಿಟ್ಟು ಬಂತು. ಒಂದು ವಾರ ಲೈಬ್ರರಿಯಲ್ಲಿ ಕೂತೆ. ಐದಕ್ಕೆ ಮಾತ್ರ ಉತ್ತರ ಸಿಕ್ಕಿತು. ಉಳಿದದ್ದನ್ನು ಹೊಡೆದುಹಾಕಿದೆ. ಅರ್ಧಕ್ಕಿಳಿದ ಆ ಲೇಖನವೇ ನನ್ನ ಹೆಸರಲ್ಲಿ ಅಚ್ಚಾದ ಮೊದಲನೆಯದು.

ಇನ್ನೊಂದು ಸಾಲು: ‘ಪಂಡೋರಾ ಎಂದರೆ ಎಲ್ಲ ಉಡುಗೊರೆ ಪಡೆದವಳು.’ ಪಾನ್ ಅಂದರೆ ಎಲ್ಲ, ದೋರೊನ್ ಅಂದರೆ ಉಡುಗೊರೆ, ಸರಿ. ಒಲಿಂಪಸ್‌ನ ದೇವತೆಗಳೆಲ್ಲ ಉಡುಗೊರೆ ಕೊಟ್ಟಿದ್ದಕ್ಕೆ ಈ ಹೆಸರು ಅಂತ ಹೆಸಿಯಡ್ ಕೂಡ ಹೇಳುತ್ತಾನೆ. ಆದರೆ ಅದೇ ಪದಕ್ಕೆ ‘ಎಲ್ಲವನ್ನೂ ಕೊಡುವವಳು’ ಅನ್ನುವ ಅರ್ಥವೂ ಇದೆ. ಗ್ರೀಕರು ಭೂಮಿತಾಯಿಯನ್ನು ಹಾಗೆ ಕರೆಯುತ್ತಿದ್ದರು. ಬ್ರಿಟಿಷ್ ಮ್ಯೂಸಿಯಂನಲ್ಲಿ ಕ್ರಿ.ಪೂ. 460ರ ಸುಮಾರಿನ ಒಂದು ಬಟ್ಟಲಿದೆ. ಅದರ ಮೇಲಿನ ಚಿತ್ರದಲ್ಲಿ ದೇವತೆ ಅಥೀನಾ ಮತ್ತು ಕಮ್ಮಾರ ದೇವರು ಹೆಫೈಸ್ಟೋಸ್ ನಡುವೆ ಇದೇ ಹೆಣ್ಣು ನಿಂತಿದ್ದಾಳೆ. ಪಕ್ಕದಲ್ಲಿ ಬರೆದಿರುವ ಹೆಸರು ಅನೆಸಿದೋರಾ: ಉಡುಗೊರೆಗಳನ್ನು ಮೇಲಕ್ಕೆ ಕಳಿಸುವವಳು. ನೆಲ ಪೈರನ್ನು ಕಳಿಸುವ ಹಾಗೆ.

ಕೊಡುತ್ತಿದ್ದವಳು ಪಡೆದವಳು ಯಾಕಾದಳು? ಇದನ್ನು ಕೇಳದೆ ಸುಮ್ನೆ ಮುಂದೆ ಹೋಗಿದ್ದೀರಿ. ನನಗೆ ಓದಬೇಕಾಗಿರುವುದೇ ಅದು. ಆ ಬಟ್ಟಲಿನಿಂದ ಶುರು ಮಾಡಿ, ಇನ್ನೊಮ್ಮೆ ಬರೆದು ಕಳಿಸಿ. ಕಾಯುತ್ತಿರುತ್ತೇನೆ.