ಅತ್ತೆಗೆ ಮಂಡಿನೋವು, ಮಗನಿಗೆ ಅವಸರ, ಸಾಲಾರ್ ಜಂಗ್ ನೋಡೋದು ಹೇಗೆ?

ಪ್ರಶ್ನೆ: ನಾವು ಮಂಡ್ಯದವರು. ಮುಂದಿನ ತಿಂಗಳು ಹೈದರಾಬಾದಿಗೆ ಹೊರಟಿದೀವಿ. ನಾನು, ಯಜಮಾನ್ರು, ಮಂಡಿನೋವಿರೋ ಅತ್ತೆ, 11 ವರ್ಷದ ಮಗಳು, 5 ವರ್ಷದ ಮಗ. ಶುಕ್ರವಾರ ಬೆಳಗ್ಗೆ ಕಾಚಿಗುಡದಲ್ಲಿ ಇಳಿದು, ರೂಮಲ್ಲಿ ಸ್ನಾನ ಮುಗಿಸಿ ಸೀದಾ ಸಾಲಾರ್ ಜಂಗ್ ಮ್ಯೂಸಿಯಂ, ಶನಿವಾರ ಗೋಲ್ಕೊಂಡ, ರಾತ್ರಿ ವಾಪಸ್, ಇದು ಪ್ಲ್ಯಾನು. ಹೋದ ಸಲ ಬೇರೆ ಊರಲ್ಲಿ ಇಂಥದ್ದೇ ದೊಡ್ಡ ಮ್ಯೂಸಿಯಂಗೆ ಹೋಗಿ ಮಗ ರಂಪ ಮಾಡಿ, ಅತ್ತೆ ಮೆಟ್ಟಿಲ ಮೇಲೆ ಕೂತ್ಬಿಟ್ಟು, ಯಜಮಾನ್ರು ಮಾತ್ರ ಒಂದೊಂದು ಬೋರ್ಡೂ ಓದ್ತಾ ನಿಂತು, ಕೊನೆಗೆ ನಮ್ಮಿಬ್ರಿಗೂ ಜಗಳ ಆಗಿ ಊಟ ಮಾಡದೆ ಮಲಗಿದ್ವಿ. ಈ ಸಲ ಹಾಗಾಗ್ಬಾರ್ದು. ಏನ್ಮಾಡೋದು?
— ಒಬ್ಬ ಓದುಗರು, ಮಂಡ್ಯ

ಉತ್ತರ: ಮೊದಲು ಪ್ಲ್ಯಾನು ತಿರುವಿ ಹಾಕಿ ಮೇಡಂ. ಸಾಲಾರ್ ಜಂಗ್‌ಗೆ ಶುಕ್ರವಾರ ರಜ! ಗೇಟ್ ತನಕ ಆಟೋದಲ್ಲಿ ಹೋಗಿ ಬೀಗ ನೋಡ್ಕೊಂಡು ಬರೋ ಕುಟುಂಬಗಳು ಬೇಕಾದಷ್ಟಿವೆ, ನೀವು ಆ ಲಿಸ್ಟಿಗೆ ಸೇರ್ಬೇಡಿ. ಶುಕ್ರವಾರ ಗೋಲ್ಕೊಂಡ ಇಟ್ಕೊಳ್ಳಿ, ಮೇಲೆ ಹತ್ತೋರು ಹತ್ಲಿ, ಅತ್ತೆ ಕೆಳಗೆ ನೆರಳಲ್ಲಿ ಕೂರ್ಲಿ, ಬಾಗಿಲಲ್ಲಿ ಚಪ್ಪಾಳೆ ತಟ್ಟಿದ್ರೆ ಗುಡ್ಡದ ತುದೀಲಿ ಕೇಳ್ಸತ್ತೆ, ಅಷ್ಟು ಸಾಕು ಮಕ್ಕಳಿಗೆ. ಶನಿವಾರ ಮ್ಯೂಸಿಯಂ.

ಇನ್ನು ಜಗಳದ ವಿಷ್ಯ. ನಿಮ್ಮ ಮನೇಲಿ ಜಗಳ ಆಗಿದ್ದು ಮ್ಯೂಸಿಯಂ ದೊಡ್ಡದು ಅಂತಲ್ಲ, ಐದೂ ಜನ ಒಟ್ಟಿಗೇ ಎಲ್ಲಾನೂ ನೋಡ್ಬೇಕು ಅಂತ ಹೊರಟಿದ್ದಕ್ಕೆ. ಸಾಲಾರ್ ಜಂಗ್‌ನಲ್ಲಂತೂ ಅದು ಆಗೋ ಮಾತೇ ಅಲ್ಲ. ಮೂರನೇ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ 1912ರಲ್ಲಿ ನಿಜಾಮನ ದಿವಾನ ಆದೋರು, ಎರಡೇ ವರ್ಷಕ್ಕೆ ಅದನ್ನ ಬಿಟ್ಟು, ಮದ್ವೆನೂ ಆಗದೆ, 1949ರಲ್ಲಿ ತೀರ್ಕೊಳ್ಳೋ ತನಕ ಸಾಮಾನು ಕೊಂಡಿದ್ದೇ ಕೊಂಡಿದ್ದು. ಅಪ್ಪ, ತಾತ ಕೂಡಿಟ್ಟಿದ್ದೂ ಅದರ ಜೊತೆ ಸೇರಿದೆ. ಪಿಂಗಾಣಿ, ಗಡಿಯಾರ, ಕತ್ತಿ, ಕುರಾನ್ ಪ್ರತಿ, ಬೊಂಬೆ, ಊರುಗೋಲು... ಹೌದು, ಬರೀ ಊರುಗೋಲು! ಮೂರು ತಲೆಮಾರು ಕೊಂಡಿದ್ದನ್ನ ನೀವು ಮೂರು ಗಂಟೇಲಿ ನೋಡಿ ಮುಗಿಸ್ತೀನಿ ಅಂದ್ರೆ ಹೆಂಗೆ?

ನಾನು ಹೇಳೋದು ಇಷ್ಟೇ, ಮಧ್ಯಾಹ್ನ 12ಕ್ಕೆ ಎಲ್ಲರೂ ಮ್ಯೂಸಿಕಲ್ ಕ್ಲಾಕ್ ಮುಂದೆ ಸೇರ್ಬೇಕು, ಅದಕ್ಕೆ ಮುಂಚೆ ಅವರವರ ಪಾಡಿಗೆ ಬಿಡಿ. ಬಾಗಿಲು ತೆಗೆಯೋದು 10ಕ್ಕೆ, ಹೊಟ್ಟೆ ತುಂಬ ತಿಂಡಿ ತಿಂದೇ ಹೋಗಿ. ಯಜಮಾನ್ರು ಬೋರ್ಡ್ ಓದ್ಕೊಳ್ಳಿ, ಪಾಪ, ಅವರಿಗೆ ಅದೇ ಖುಷಿ. ಮಗನ್ನ ಬೊಂಬೆ, ಆಟಿಕೆ ಇರೋ ಕಡೆ ಕರ್ಕೊಂಡ್ಹೋಗಿ. ಅತ್ತೆಗೆ ಗಾಲಿಕುರ್ಚಿ ಸಿಗತ್ತಾ ಅಂತ ಒಳಗೆ ಹೋಗ್ತಿದ್ದಂಗೇ ಕೇಳಿ, ನಾಚಿಕೆ ಪಡ್ಬೇಡಿ.

ಎಲ್ಲರೂ ನೋಡ್ಲೇಬೇಕಾದ್ದು ಮೂರು ಇದೆ. ಒಂದು, ಮುಸುಕು ಹೊದ್ದ ರೆಬೆಕ್ಕ, ಬೈಬಲ್‌ನಲ್ಲಿ ಬರೋ ಹೆಣ್ಣಿನ ಅಮೃತಶಿಲೆ ಪ್ರತಿಮೆ. ಇಟಲಿಯ ಬೆಂಜೋನಿ ಕೆತ್ತಿದ್ದು, ತಾತ ಮೊದಲನೇ ಸಾಲಾರ್ ಜಂಗ್ 1876ರಲ್ಲಿ ರೋಮ್‌ನಿಂದ ತಂದಿದ್ದು. ಮುಖದ ಮೇಲಿನ ಸೆರಗು ಒದ್ದೆಯಾಗಿ ಮೈಗೆ ಅಂಟ್ಕೊಂಡಂಗಿದೆ, ಹಿಂದೆ ಮೂಗು ತುಟಿ ಎಲ್ಲಾ ಕಾಣ್ಸತ್ತೆ, ಆದ್ರೆ ಅದೂ ಕಲ್ಲೇ. ನಮ್ಮಮ್ಮ ಅದರ ಮುಂದೆ ನಿಂತು, "ಇದಕ್ಕೆ ಮೇಲೆ ಬಟ್ಟೆ ಹೊದಿಸಿದಾರೆ ಕಣೇ" ಅಂತ ವಾದಕ್ಕೇ ನಿಂತ್ಬಿಟ್ರು, ಪಕ್ಕದಿಂದ ಬಗ್ಗಿ ನೋಡೋ ತನಕ ಒಪ್ಪಲಿಲ್ಲ. ಎರಡನೇದು ಮರದ ಜೋಡಿ ಬೊಂಬೆ, ಎದುರಿಗೆ ಎದೆಯುಬ್ಬಿಸಿ ನಿಂತಿರೋ ಮೆಫಿಸ್ಟೊಫಿಲಿಸ್ (ಗಯಟೆಯ 'ಫೌಸ್ಟ್' ನಾಟಕದ ಸೈತಾನ), ಹಿಂದಿರೋ ಕನ್ನಡೀಲಿ ನೋಡಿದ್ರೆ ತಲೆ ತಗ್ಗಿಸಿದ ಮಾರ್ಗರೆಟ್ (ಅದೇ ನಾಟಕದ ಮುಗ್ಧ ಹುಡುಗಿ), ಎರಡೂ ಒಂದೇ ಮರದ ತುಂಡು. ಮಗಳಿಗೆ ಮೊದಲೇ ಹೇಳ್ಬೇಡಿ, ಅವಳೇ ಕಂಡುಹಿಡೀಲಿ. ಮೂರನೇದು ನಿಮ್ಮೂರೋರಿಗೆ ಅಂತ್ಲೇ ಹೇಳ್ತಿರೋದು, ಫ್ರಾನ್ಸ್ ದೊರೆ 16ನೇ ಲೂಯಿ ಟಿಪ್ಪು ಸುಲ್ತಾನನಿಗೆ ಕೊಟ್ಟಿದ್ದು ಅಂತ ಹೇಳೋ ದಂತದ ಕುರ್ಚಿಗಳು. ಶ್ರೀರಂಗಪಟ್ಟಣ ನಿಮ್ಮ ಮನೆಯಿಂದ ಅರ್ಧ ಗಂಟೆ, ಕುರ್ಚಿ ನೋಡಕ್ಕೆ ಮಾತ್ರ ಮೂಸಿ ನದಿ ದಡಕ್ಕೆ ಬರ್ಬೇಕು ನೋಡಿ.

ಗಡಿಯಾರಕ್ಕೆ ಕಾಲು ಗಂಟೆ ಮುಂಚೆನೇ ಹೋಗಿ ಜಾಗ ಹಿಡೀರಿ, ಅತ್ತೇನ ಕೂರ್ಸಿ. ಕುಕ್ ಅಂಡ್ ಕೆಲ್ವಿ ಕಂಪ್ನಿದು ಅದು. ಅದರೊಳಗೆ ಒಬ್ಬ ಪುಟಾಣಿ ಕಮ್ಮಾರ ಸೆಕೆಂಡಿಗೊಂದು ಸಲ ಸುತ್ತಿಗೆ ಹೊಡೀತಾನೇ ಇರ್ತಾನೆ, ಮಗನಿಗೆ ಅವನನ್ನ ತೋರಿಸಿ, ಅಷ್ಟೊತ್ತೂ ಸುಮ್ನೆ ಕೂರ್ತಾನೆ. ಆಮೇಲೆ ಗಡ್ಡದ ಮುದುಕಪ್ಪ ಒಬ್ಬ ಬಾಗಿಲು ತೆಕ್ಕೊಂಡು ಬಂದು, ಎಷ್ಟು ಗಂಟೆಯೋ ಅಷ್ಟು ಸಲ ಜಾಗಟೆ ಹೊಡೆದು ಒಳಗೆ ಹೋಗ್ತಾನೆ. ಇಷ್ಟೇನಾ ಅನ್ನಿಸ್ಬಹುದು. ಆದ್ರೆ ನೂರಾರು ಜನ ಗಪ್‌ಚುಪ್ಪಾಗಿ ಒಂದು ಬೊಂಬೆಗೋಸ್ಕರ ಕಾಯ್ತಾ ಕೂರೋದನ್ನ ಬೇರೆ ಎಲ್ಲೂ ನಾನು ನೋಡಿಲ್ಲ.

12ಕ್ಕೇ ಅಂತ ಯಾಕೆ ಹೇಳ್ತಿದೀನಿ ಅಂದ್ರೆ, ನಾವು ಮಕ್ಕಳನ್ನ ಕರ್ಕೊಂಡು ಹೋದಾಗ ಊಟದ ಲೆಕ್ಕ ಹಾಕಿ 1 ಗಂಟೆಗೆ ಹೋಗಿ ಕೂತಿದ್ವಿ. ಮುದುಕಪ್ಪ ಬಂದ, ಟಣ್ ಅಂತ ಒಂದೇ ಒಂದು ಏಟು ಹೊಡೆದ, ಒಳಗೆ ಹೋದ. ನನ್ನ ಚಿಕ್ಕ ಮಗಳು ಇವತ್ತಿಗೂ ಆ ಸಿಟ್ಟು ಬಿಟ್ಟಿಲ್ಲ.