ತೋಡಿಗೆ ಕಾಂಕ್ರೀಟ್ ಹಾಕಿಸಬೇಕೇ?

ಪ್ರಶ್ನೆ: ನಮ್ಮ ಮನೆಯ ಹಿಂದೆ ಹರಿಯುವ ತೋಡಿನಲ್ಲಿ (ಸಣ್ಣ ಹಳ್ಳದಲ್ಲಿ) ಮೂವತ್ತು ವರ್ಷಗಳ ಹಿಂದೆ ಬಟ್ಟೆ ಒಗೆಯುತ್ತಿದ್ದೆವು, ಮಕ್ಕಳು ಬೈರಾಸು (ಟವೆಲ್) ಹಿಡಿದು ಮೀನು ಗೋರುತ್ತಿದ್ದರು. ಈಗ ಮಾರ್ಚ್ ಬಂತೆಂದರೆ ನೀರು ಕಪ್ಪಾಗಿ ನಾರುತ್ತದೆ. ತಳಕ್ಕೂ ಎರಡು ದಂಡೆಗಳಿಗೂ ಕಾಂಕ್ರೀಟ್ ಹಾಕಿಸುವಂತೆ ನೆರೆಹೊರೆಯವರೆಲ್ಲ ಸೇರಿ ಮಹಾನಗರ ಪಾಲಿಕೆಗೆ ಮನವಿ ಕೊಡಬೇಕೆಂದಿದ್ದೇವೆ. ಇದರಿಂದ ತೋಡು ಶುದ್ಧವಾದೀತೇ?
– ಓದುಗರು, ಕಾವೂರು, ಮಂಗಳೂರು

ಉತ್ತರ: ತಳಕ್ಕೆ ಕಾಂಕ್ರೀಟ್ ಎಂಬ ಮಾತನ್ನು ದಯವಿಟ್ಟು ಮನವಿಯಿಂದ ತೆಗೆದುಹಾಕಿ. ಬೇಸಗೆಯಲ್ಲಿ ತೋಡಿಗೆ ಬರಬೇಕಾದದ್ದು ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದಿಂದ ಒಸರುವ ಒರತೆಯ ನೀರು ಮಾತ್ರ. ಮಳೆಯಿಲ್ಲದ ಆ ದಿನಗಳಲ್ಲಿ ಕಪ್ಪು ನೀರು ಹರಿಯುತ್ತಿದೆಯೆಂದರೆ ಮೇಲ್ಭಾಗದಲ್ಲಿ ಎಲ್ಲೋ ಕೊಳಚೆ ಸೇರುತ್ತಿದೆ. ಆ ಕೊಳಚೆಯನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಆಮ್ಲಜನಕವನ್ನು ಬರಿದುಮಾಡುವುದರಿಂದಲೇ ಮೀನು ಸಾಯುತ್ತದೆ, ಕೆಸರು ಕಪ್ಪಾಗುತ್ತದೆ, ದುರ್ವಾಸನೆ ಏಳುತ್ತದೆ. ಕಾಂಕ್ರೀಟ್ ಇದಾವುದನ್ನೂ ತಡೆಯದು. ಬದಲಿಗೆ ಅದು ಒರತೆಯ ಬಾಯಿಯನ್ನು ಮುಚ್ಚುತ್ತದೆ, ತೋಡಿನ ನೀರು ನೆಲಕ್ಕಿಳಿದು ದಂಡೆಯ ಬಾವಿಗಳನ್ನು ತುಂಬುವ ದಾರಿಯನ್ನು ಕಟ್ಟುತ್ತದೆ, ಮಳೆಗಾಲದ ನೀರನ್ನು ಇನ್ನಷ್ಟು ರಭಸದಿಂದ ತಗ್ಗಿನ ಮನೆಗಳತ್ತ ನೂಕುತ್ತದೆ. 2018ರ ಮೇ 29ರಂದು ಒಂದೇ ದಿನದ ಮಳೆಗೆ ಮಂಗಳೂರಿನ ತಗ್ಗು ಪ್ರದೇಶಗಳು ಮುಳುಗಿದ್ದನ್ನು ನೀವು ಮರೆತಿರಲಾರಿರಿ.

ಮೊದಲು ಮಾಡಬೇಕಾದ ಕೆಲಸವೆಂದರೆ ತೋಡಿನ ಗುಂಟ ನಡೆಯುವುದು. ಎಲ್ಲರ ಮನೆಯಲ್ಲೂ ಸ್ನಾನ, ಒಗೆತ ನಡೆಯುವ ಬೆಳಗಿನ ಏಳರಿಂದ ಒಂಬತ್ತು ಗಂಟೆಯೊಳಗೆ ನಾಲ್ಕೈದು ಮಂದಿ ಮೇಲಿನಿಂದ ಕೆಳಗೆ ಬನ್ನಿ. ದಂಡೆಯಲ್ಲಿ ಕಾಣುವ ಪ್ರತಿಯೊಂದು ಪೈಪಿನ ಬಾಯಿಯನ್ನೂ ನೋಡಿ. ಬರಿಯ ಮಳೆನೀರಿನ ಪೈಪು ಆಗ ಒಣಗಿರುತ್ತದೆ; ಕೊಳಚೆ ಬಿಡುವ ಪೈಪಿನ ಅಂಚಿನಲ್ಲಿ ಹತ್ತಿಯ ಎಳೆಯಂತಹ ಬೂದುಬಣ್ಣದ ಲೋಳೆ ಅಂಟಿಕೊಂಡಿರುತ್ತದೆ. ಅಂತಹ ಪೈಪುಗಳ ಚಿತ್ರ ತೆಗೆದು, ಜಾಗ ಗುರುತಿಸಿ, ಆ ಪಟ್ಟಿಯನ್ನೇ ಮನವಿಗೆ ಲಗತ್ತಿಸಿ. ತೋಡಿಗೆ ಮಲಿನ ವಸ್ತುವನ್ನು ಬಿಡುವುದು 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯಂತೆ ನಿಷಿದ್ಧ. ಆದರೂ ನೆರೆಯವರೊಂದಿಗೆ ಮೊದಲು ಮಾತನಾಡುವುದೇ ಲೇಸು, ಏಕೆಂದರೆ ತಮ್ಮ ವಾಷಿಂಗ್ ಮೆಷಿನ್ನಿನ ನೀರು ಎಲ್ಲಿಗೆ ಹೋಗುತ್ತದೆಂಬುದು ಎಷ್ಟೋ ಜನರಿಗೆ ತಿಳಿದಿರುವುದಿಲ್ಲ. ಒಳಚರಂಡಿಯ ನೀರು ನಿಮ್ಮ ಕಾವೂರಿನಲ್ಲಿರುವಂತಹ ಸಂಸ್ಕರಣಾ ಘಟಕಕ್ಕೆ ಹೋಗುತ್ತದೆ. ರಸ್ತೆ ಬದಿಯ ಮಳೆನೀರಿನ ಚರಂಡಿಯದು ಯಾವ ಶುದ್ಧೀಕರಣವೂ ಇಲ್ಲದೆ ತೋಡಿಗೆ, ತೋಡಿನಿಂದ ನದಿಗೆ, ಅಳಿವೆ ದಾಟಿ ಸಮುದ್ರಕ್ಕೆ ಸೇರುತ್ತದೆ. ಬಚ್ಚಲು, ಅಡುಗೆಮನೆ, ಒಗೆತದ ನೀರನ್ನು ಒಳಚರಂಡಿಗೋ, ಅದಿಲ್ಲದಲ್ಲಿ ಬಾವಿಯಿಂದ ದೂರವಿರುವ ಇಂಗುಗುಂಡಿಗೋ ತಿರುಗಿಸಬೇಕು. ಮುರಕಲ್ಲಿನ ನೆಲದಲ್ಲಿ ನೀರು ಬಲುಬೇಗ ಇಳಿಯುವುದರಿಂದ ಈ ದೂರದಲ್ಲಿ ರಾಜಿ ಬೇಡ.

ಮಳೆನೀರನ್ನು ಮಾತ್ರ ಅಂಗಳದಲ್ಲೇ ಉಳಿಸಿಕೊಳ್ಳಿ. ಸಾವಿರ ಚದರಡಿಯ ಮಾಡಿನ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಒಂಬೈನೂರು ಲೀಟರಿಗೂ ಹೆಚ್ಚು ನೀರಾಗುತ್ತದೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ ಗೇಟಿನತ್ತ ಇಳಿಜಾರು ಕೊಟ್ಟವರು ಅಷ್ಟನ್ನೂ ಕಸ, ಮಣ್ಣು, ಎಣ್ಣೆಯೊಂದಿಗೆ ತೋಡಿಗೆ ಕಳುಹಿಸುತ್ತಾರೆ.

ದಂಡೆ ಜರಿಯುವಲ್ಲಿ ಸಿಮೆಂಟಿಲ್ಲದೆ ಕಲ್ಲು ಕಟ್ಟಿ, ನಡುವೆ ಕೇದಗೆ ನೆಡಿ. ಅದರ ಬೇರು ಮಣ್ಣನ್ನು ಬಿಗಿಯಾಗಿ ಹಿಡಿಯುತ್ತದೆ. ಹೂಳನ್ನು ಮಳೆಗಾಲಕ್ಕೆ ಮೊದಲು, ಮೇ ಕೊನೆಯ ವಾರದ ಸುಮಾರಿಗೆ ಬರುವ ಪತ್ತನಾಜೆಯೊಳಗೆ ತೆಗೆಸಿ, ಅಂದೇ ಸಾಗಿಸಿ. ದಂಡೆಯ ಮೇಲೆ ಗುಡ್ಡೆ ಹಾಕಿದರೆ ಮೊದಲ ಮಳೆಗೇ ಅದು ಮರಳಿ ತೋಡಿಗಿಳಿಯುತ್ತದೆ.

ಪ್ರಶ್ನೆ: ಕಾರು ತೊಳೆದ ನೀರು ರಸ್ತೆಯ ಚರಂಡಿಗೆ ಹೋದರೆ ತೊಂದರೆಯೇ?
– ಓದುಗರು, ಉಡುಪಿ

ಉತ್ತರ: ಹೌದು. ಕಾರನ್ನು ಮಣ್ಣಿನ ಅಥವಾ ಹುಲ್ಲಿನ ನೆಲದಲ್ಲಿ, ಬಾವಿಯಿಂದ ದೂರ ನಿಲ್ಲಿಸಿ, ಬಕೆಟ್ ನೀರಿನಲ್ಲಿ ಆದಷ್ಟು ಸೋಪಿಲ್ಲದೆ ತೊಳೆಯಿರಿ. ನೆಲಕ್ಕೆ ತೊಟ್ಟಿಕ್ಕಿದ ಆಯಿಲ್ ಮೇಲೆ ಮರದ ಹುಡಿ ಉದುರಿಸಿ ಗುಡಿಸಿ ತೆಗೆಯಿರಿ, ನೀರು ಹಾಯಿಸಬೇಡಿ. ಮನೆಯಲ್ಲೇ ಆಯಿಲ್ ಬದಲಿಸುವವರಾದರೆ ಹಳೆಯದನ್ನು ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.