ಜೋಂಬಿ ಇಲ್ಲದ ವೈರಸ್ ಥ್ರಿಲ್ಲರ್ ಬೇಕಿದ್ದರೆ ಈ ಎರಡು ನೋಡಿ

ಜೋಂಬಿಗಳಿಲ್ಲದ, ನಿಜಕ್ಕೂ ಹೀಗಾಗಬಹುದು ಅನ್ನಿಸುವ ವೈರಸ್ ಥ್ರಿಲ್ಲರ್ ಯಾವುದಿದೆ ಅಂತ ಕೇಳಿದ್ದೀರಿ. ನನಗೆ ತುಂಬಾ ಇಷ್ಟವಾದ ಎರಡಿವೆ. ಒಂದು ಇಂಗ್ಲಿಷ್‌ನ 'ಕಂಟೇಜಿಯನ್' (2011), ಇನ್ನೊಂದು ಮಲಯಾಳಂನ 'ವೈರಸ್' (2019). ಎರಡರ ಬೇರೂ ಒಂದೇ, ನಿಪಾ ಅನ್ನುವ ಮಾರಕ ವೈರಸ್. 'ಕಂಟೇಜಿಯನ್'ನಲ್ಲಿ ಬರುವುದು ಕಲ್ಪನೆಯ ವೈರಸ್, ಆದರೆ ಅದನ್ನು ಕಟ್ಟಿದ್ದು ನಿಪಾ ಮಾದರಿಯಲ್ಲೇ. ಬಾವಲಿಯಿಂದ ಹಂದಿಗೆ, ಹಂದಿಯಿಂದ ಮನುಷ್ಯರಿಗೆ. 1998-99ರಲ್ಲಿ ಮಲೇಷ್ಯಾದಲ್ಲಿ ನಿಪಾ ಹರಡಿದಾಗ ಆಗಿದ್ದು ಇದೇ ಅಲ್ವಾ?

'ಕಂಟೇಜಿಯನ್' ಶುರುವಾಗುವಾಗ ಪರದೆ ಪೂರ್ತಿ ಕಪ್ಪು. ಒಂದು ಕೆಮ್ಮು ಮಾತ್ರ ಕೇಳುತ್ತದೆ. ಆಮೇಲೆ 'ಎರಡನೇ ದಿನ' ಅಂತ ಬರುತ್ತದೆ. ಹಾಗಾದರೆ ಮೊದಲ ದಿನ ಏನಾಯಿತು? ಅದು ಗೊತ್ತಾಗುವುದು ಸಿನಿಮಾದ ಕೊನೆಯಲ್ಲೇ, ನಾನಂತೂ ಹೇಳುವುದಿಲ್ಲ. ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್ ಕ್ಯಾಮೆರಾವನ್ನು ಮುಖಕ್ಕಿಂತ ಜಾಸ್ತಿ ಕೈಗಳ ಮೇಲೆ ಇಡುತ್ತಾರೆ. ಗ್ಲಾಸು, ಬಾಗಿಲ ಹಿಡಿ, ಬಸ್ಸಿನ ಕಂಬಿ. ನೋಡುತ್ತಾ ನೋಡುತ್ತಾ ನಮ್ಮ ಕೈಯೇ ನಮಗೆ ಭಯ ಹುಟ್ಟಿಸುತ್ತದೆ. ಕೇಟ್ ವಿನ್ಸ್ಲೆಟ್ ಅವರದು ಸೋಂಕಿನ ಜಾಡು ಹಿಡಿಯುವ ಡಾಕ್ಟರ್ ಪಾತ್ರ. ಒಂದು ಬೆಳಿಗ್ಗೆ ಹೋಟೆಲ್ ರೂಮಿನಲ್ಲಿ ಎದ್ದಾಗ ತನಗೇ ಅಂಟಿದೆ ಅಂತ ಗೊತ್ತಾಗುತ್ತದೆ. ಅವಳು ಅಳುತ್ತಾ ಕೂರುವುದಿಲ್ಲ. ತನ್ನ ರೂಮಿಗೆ ಬಂದು ಹೋದ ಕೆಲಸದವರ ಹೆಸರು ಬೇಕು ಅಂತ ಕೆಳಗೆ ಫೋನ್ ಮಾಡುತ್ತಾಳೆ. ಎಷ್ಟು ಸಲ ನೋಡಿದರೂ ಅಲ್ಲಿ ನನ್ನ ಗಂಟಲು ಕಟ್ಟುತ್ತದೆ.

ಆಶಿಕ್ ಅಬು ಅವರ 'ವೈರಸ್' ನಮಗೆ ಇನ್ನೂ ಹತ್ತಿರದ್ದು. 2018ರ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡ್‌ನಲ್ಲಿ ಸೋಂಕು ಹರಡಿದ ನಿಜ ಕಥೆ. ಆಗ ಅದು ನಿಪಾ ಅಂತ ಮೊದಲು ಗುರುತಿಸಿದ್ದು ನಮ್ಮ ಮಣಿಪಾಲದ ಲ್ಯಾಬ್. ಸಿನಿಮಾದ ಮೊದಲ ಅರ್ಧದಲ್ಲಿ ಗಾಬರಿ, ಓಡಾಟ. ಎರಡನೇ ಅರ್ಧ ಪೂರ್ತಿ ಪತ್ತೇದಾರಿ ಕೆಲಸ. ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಇಷ್ಟು ಜನರಿಗೆ ಸೋಂಕು ಎಲ್ಲಿ ಅಂಟಿತು? ಪಾರ್ವತಿ ಮಾಡಿರುವ ಡಾಕ್ಟರ್ ಮನೆಮನೆ ಸುತ್ತಿ, ಯಾರು ಯಾವ ದಿನ ಎಲ್ಲಿದ್ದರು ಅಂತ ಕೇಳಿ ಕೇಳಿ ಗಂಟು ಬಿಡಿಸುತ್ತಾಳೆ. ರೀಮಾ ಕಲ್ಲಿಂಗಲ್ ಅವರ ನರ್ಸ್ ಪಾತ್ರಕ್ಕೆ ಮೂಲ, ಆಗ ನಿಪಾ ರೋಗಿಯ ಆರೈಕೆ ಮಾಡಿ ತಾನೇ ಪ್ರಾಣ ಬಿಟ್ಟ ನಿಜ ಜೀವನದ ನರ್ಸ್ ಲಿನಿ. ಆ ಭಾಗ ಬಂದಾಗ ಇದು ಥ್ರಿಲ್ಲರ್ ಅನ್ನುವುದೇ ಮರೆತುಹೋಗುತ್ತದೆ. ಪಾತ್ರಗಳು ಜಾಸ್ತಿ, ಮೊದಲ ಅರ್ಧ ಗಂಟೆ ಸ್ವಲ್ಪ ತಾಳ್ಮೆ ಇರಲಿ.

'ಔಟ್‌ಬ್ರೇಕ್' (1995) ನೋಡಬಹುದು. ಆದರೆ ಕೊನೆಗೆ ಹೆಲಿಕಾಪ್ಟರ್ ಸಾಹಸವೇ ದೊಡ್ಡದಾಗುತ್ತದೆ, ಮದ್ದು ಕೂಡ ಕೆಲವೇ ಗಂಟೆಗಳಲ್ಲಿ ತಯಾರಾಗಿಬಿಡುತ್ತದೆ. ಕೊರಿಯಾದ 'ಫ್ಲೂ' (2013) ಕೂಡ ಹಾಗೇ. ವೇಗ ಇದೆ, ಕಣ್ಣೀರು ಸ್ವಲ್ಪ ಅತಿಯಾಯಿತು.

'ಔಟ್‌ಬ್ರೇಕ್'ನಲ್ಲಿ ರೋಗ ತರುವುದು ಒಂದು ಕೋತಿ. ಅದನ್ನು ನೋಡುವಾಗೆಲ್ಲ ನನಗೆ ನಮ್ಮ ಮಲೆನಾಡಿನ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಊರವರಿಗೆ ಜ್ವರ ಬಂತು. ಹಳದಿ ಜ್ವರವೇ ಭಾರತಕ್ಕೆ ಬಂತೇನೋ ಅಂತ ಮೊದಲು ವಿಜ್ಞಾನಿಗಳೇ ಹೆದರಿದ್ದರು. ಹುಡುಕುತ್ತಾ ಹೋದರೆ ಅದು ಜಗತ್ತಿಗೇ ಹೊಸ ವೈರಸ್. ಅದನ್ನು ಹರಡುತ್ತಿದ್ದದ್ದು ಮಂಗನ ಮೈಮೇಲಿನ ಪುಟ್ಟ ಉಣುಗು. ಇದಕ್ಕಿಂತ ಒಳ್ಳೆಯ ಪತ್ತೇದಾರಿ ಕಥೆ ಬೇಕಾ? ಯಾರಾದರೂ ಕನ್ನಡದಲ್ಲಿ ಇದನ್ನು ಸಿನಿಮಾ ಮಾಡಬೇಕು ಅಂತ ನನಗೆ ತುಂಬಾ ಆಸೆ. ತರಗೆಲೆಯ ಮೇಲೆ ಬಿದ್ದ ಒಂದು ಸತ್ತ ಮಂಗ, ಸೊಪ್ಪು ತರಲು ಅದೇ ದಾರಿಯಲ್ಲಿ ಬರುತ್ತಿರುವ ಒಬ್ಬ ಹೆಂಗಸು. ಅಲ್ಲಿಂದ ಶುರುವಾಗಲಿ.